ಮಗ್ಗದ ಕುಣಿಯೊಳಗಿನ ಭರಣಿ

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ದೀಪಾವಳಿ ಪಾಡ್ಯದ ದಿನ ಎಲ್ಲರೂ ಔಷಧ ತೆಗೆದುಕೊಳ್ಳುತ್ತಾರೆ. ಈ ಎರಡು ವಾಕ್ಯಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಬನಹಟ್ಟಿಯ ನಮ್ಮ ಮನೆಯೊಳಗೆ ಯಾರೂ ತಕರಾರು ತೆಗೆದದ್ದಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನೂ ತೆಗೆಯಲಿಲ್ಲ. ನನಗೂ ಒಂದು ಲೋಟ ಬರುತ್ತಿತ್ತು.

ಔಷಧ ಎಂದರೆ ಆಯಿ ಮಾಡುವ ದ್ರಾಕ್ಷಾಸವ. ಆಯಿ ನನ್ನ ಅಪ್ಪನ ತಾಯಿ. ಅದಕ್ಕೆ ಜಮಖಂಡಿ ಕಡೆಯ ತೋಟದ ಕರಿ ಒಣದ್ರಾಕ್ಷಿಯೇ ಬೇಕು, ಮಹಾಲಿಂಗಪುರದ ಬೆಲ್ಲವೇ ಬೇಕು. ಜೊತೆಗೆ ದಾಲ್ಚಿನ್ನಿ, ಯಾಲಕ್ಕಿ, ಹಿಪ್ಪಲಿ, ನಾಗಕೇಸರ, ಮತ್ತು ಧಾತಕಿ ಎನ್ನುವ ಒಣಗಿದ ಕೆಂಪು ಹೂ. ಹುಳಿ ಬರಿಸುವುದು ಈ ಹೂವಿನ ಕೆಲಸ. ದ್ರಾಕ್ಷಿಯನ್ನು ಕುದಿಸಿ, ಹಿಚುಕಿ, ಸೋಸಿ, ಬೆಲ್ಲ ಕರಗಿಸಿ, ಆರಿದ ಮೇಲೆ ಉಳಿದದ್ದನ್ನೆಲ್ಲ ಸೇರಿಸಿ ಎತ್ತರದ ಚೀನಿ ಮಣ್ಣಿನ ಭರಣಿಗೆ ತುಂಬುತ್ತಾಳೆ. ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿ, ಅದರ ಮೇಲೆ ನೂಲಿಗೆ ಹಾಕುವ ಗಂಜಿಯನ್ನೇ ದಪ್ಪಗೆ ಬಳಿಯುತ್ತಾಳೆ. ವೈದ್ಯರು ಮಣ್ಣು ಬಳಿಯುತ್ತಾರಂತೆ. ನೇಕಾರರ ಮನೆಯಲ್ಲಿ ಗಂಜಿಗೆ ಬರವಿಲ್ಲ.

ಹೀಗೆ ಮುಚ್ಚಿದ ಭರಣಿ ಇಳಿಯುವುದು ಕುಣಿಗೆ. ಆಯಿಯ ಗಂಡ, ನಮ್ಮ ಮುತ್ಯಾ, ಕೈಮಗ್ಗ ನೇಯುತ್ತಿದ್ದಾಗ ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿ ಅದು. ಕೈಮಗ್ಗ ಹೋಗಿ ಪಾವರ್‌ಲೂಮ್ ಬಂದವು. ಸಾಲಾಗಿ ಯಂತ್ರ ಕೂರಿಸುವಾಗ ಎಲ್ಲ ಕುಣಿಗಳನ್ನೂ ಮುಚ್ಚಿಸಿದ ಅಪ್ಪನ ತಮ್ಮ ಕಾಕಾ, ಮೂಲೆಯ ಒಂದನ್ನು ಮಾತ್ರ ಆಯಿಯ ಹೆದರಿಕೆಗೆ ಹಾಗೇ ಬಿಟ್ಟ. ಕುಣಿಯ ತಂಪು ಮತ್ತು ಮಗ್ಗದ ಸಪ್ಪಳ, ಇವೆರಡೂ ಸೇರಿದರೇ ಔಷಧ ಹದಕ್ಕೆ ಬರುತ್ತದೆ ಎಂಬುದು ಆಯಿಯ ಹೇಳಿಕೆ. ತಂಪಿನ ವಿಷಯ ನಾನು ಪರಿಶೀಲಿಸಿದ್ದೇನೆ, ನಿಜ. ಸಪ್ಪಳದ ವಿಷಯ ಪರಿಶೀಲಿಸುವ ದಾರಿ ನನಗೆ ಗೊತ್ತಿಲ್ಲ.

ಪಾಡ್ಯದ ದಿನ ಮಗ್ಗಗಳಿಗೆ ಪೂಜೆಯಾದ ಮೇಲೆ ಆಯಿ ಭರಣಿ ಮೇಲೆತ್ತಿಸಿ, ಅದರ ಮುಂದೆ ಮಣೆ ಹಾಕಿಕೊಂಡು ಕೂರುತ್ತಾಳೆ. ಕೈಯಲ್ಲಿ ಸೌಟು, ಪಕ್ಕದಲ್ಲಿ ಹಿತ್ತಾಳೆಯ ಸಣ್ಣ ಲೋಟ. ಮೊದಲ ಹನಿ ಕುಣಿಯ ಅಂಚಿಗೆ, ಮುತ್ಯಾನ ಹೆಸರಲ್ಲಿ. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ಕೂರಬೇಕು. ಆಯಿ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಾಳೆ:

“ಏನ ತ್ರಾಸ?”

ತ್ರಾಸು ಹೇಳಿದವರಿಗೆ ಔಷಧ. ತ್ರಾಸು ಇಲ್ಲದವರಿಗೆ ಚಕ್ಕುಲಿ.

ಹೀಗಾಗಿ ವರ್ಷವಿಡೀ ಗುಂಡುಕಲ್ಲಿನಂತಿರುವ ನಮ್ಮ ಮನೆತನ ಪಾಡ್ಯದ ದಿನ ಒಮ್ಮೆಲೇ ಕಾಯಿಲೆ ಬೀಳುತ್ತದೆ. ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ಉಂಡದ್ದು ಅರಗುವುದಿಲ್ಲ. ನನಗೆ ಕಂಪ್ಯೂಟರ್ ನೋಡಿ ನೋಡಿ ಕಣ್ಣುರಿ. ಕಾಕಾನದು ಮೊಳಕಾಲು. ಒಂದು ವರ್ಷ ಕಾಕಾ ಮೊಳಕಾಲು ಹೇಳಿ ಕುಡಿದು, ಎದ್ದು ಹೋಗಿ, ಮತ್ತೆ ಬಂದು ಎಲ್ಲರ ಹಿಂದೆ ಕೂತ. ಅವನ ಸರದಿ ಬಂದಾಗ ಆಯಿ ದಿಟ್ಟಿಸಿ ನೋಡಿದಳು.

“ನಿಂದ ಆತಲ್ಲೋ.”

“ಅದು ಎಡಗಾಲವ್ವಾ,” ಎಂದ ಕಾಕಾ.

ಆಯಿ ಕೊಟ್ಟಳು. ಕಾಲು ಎರಡಿರುವುದು ಯಾರೂ ಅಲ್ಲಗಳೆಯಲಾಗದ ಸಂಗತಿ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಊರಿನ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಪಿಸುಗುಡಲು ಬರುವುದಿಲ್ಲ. ಯಂತ್ರಗಳ ಖಟಖಟದಲ್ಲಿ ಮೆಲುದನಿ ಎನ್ನುವುದು ವ್ಯರ್ಥ ಶ್ರಮ. ಗುಟ್ಟು ಹೇಳಬೇಕಾದರೆ ನಾವು ಇನ್ನೊಬ್ಬರ ಕಿವಿಯ ಹತ್ತಿರ ಹೋಗಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಕೂಗುತ್ತೇವೆ. ಮಗ್ಗ ನಡೆಯುತ್ತಿರುವಾಗ ಅದು ನಿಜಕ್ಕೂ ಗುಟ್ಟೇ. ಎದುರು ನಿಂತವನಿಗೂ ಕೇಳಿಸದು. ಕಚೇರಿಯಲ್ಲಿ ನಾನು ಯಾರದೋ ಜೊತೆ ಫೋನಿನಲ್ಲಿ ಗುಟ್ಟಾಗಿ ಮಾತಾಡಿದರೆ, ಸುದ್ದಿ ಕೊಟ್ಟವರು ಯಾರು ಎಂಬುದು ಇಡೀ ಸುದ್ದಿಮನೆಗೆ ತಿಳಿದುಬಿಡುತ್ತದೆ. ಈಗ ಇಂಥ ಫೋನು ಬಂದರೆ ನನ್ನನ್ನು ಮಾಳಿಗೆಗೆ ಕಳಿಸುತ್ತಾರೆ.

ಎರಡು ದೀಪಾವಳಿಗಳ ಹಿಂದೆ ತಂಗಿಯನ್ನು ನೋಡಲು ಪಾಡ್ಯದ ದಿನವೇ ಬರುತ್ತೇವೆ ಎಂದು ಬೀಳಗಿ ಕಡೆಯವರು ಹೇಳಿ ಕಳಿಸಿದರು. ತಂಗಿ ಎಂದರೆ ಕಾಕಾನ ಮಗಳು. ಫೋನಿನಲ್ಲೇ ಸೀರೆಯ ಚಿತ್ರ ಕಳಿಸಿ ಊರೂರಿಗೆ ಸೀರೆ ಮಾರುತ್ತಾಳೆ. ಹುಡುಗ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ, ಮುಧೋಳ ನಾಯಿಗಳನ್ನು ಸಾಕುವ ಕೇಂದ್ರದಲ್ಲಿ ಕೆಲಸಕ್ಕಿದ್ದ. ತಾಯಿಗೆಂದು ಸೀರೆ ಕೇಳಲು ಫೋನು ಮಾಡಿದವನು, ತಾಯಿ ಒಂದು ಆರಿಸಿದ ಮೇಲೂ ಬಣ್ಣ ಕೇಳುತ್ತಲೇ ಇದ್ದ. ಇಬ್ಬರೂ ಒಪ್ಪಿಯಾಗಿತ್ತು. ಬಾಕಿ ಇದ್ದದ್ದು ಹಿರಿಯರು.

ಹಿರಿಯರಲ್ಲಿ ಹುಡುಗನ ಅಪ್ಪ ಕಠಿಣ. ತಮ್ಮ ಹಳ್ಳಿಯಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಸುವವರು. ಹೆಣ್ಣು ನೋಡಲು ಹೋದ ಮನೆಯಲ್ಲಿ ಅವರು ಹೊಲ ಕೇಳುವುದಿಲ್ಲ, ಬಂಗಾರ ಕೇಳುವುದಿಲ್ಲ, ಮನೆಯಲ್ಲಿ ಯಾರಾದರೂ ಕುಡಿಯುತ್ತಾರೋ ಎಂದು ಕೇಳುತ್ತಾರೆ. ಹಿಂದಿನ ಒಂದು ಸಂಬಂಧವನ್ನು ಅವರು ಅದೇ ಕಾರಣಕ್ಕೆ ಬಿಟ್ಟಿದ್ದರು. ಇಷ್ಟನ್ನೂ ತಂಗಿಗೆ ಹುಡುಗನೇ ಹೇಳಿದ್ದ.

ನಾನು ಹಬ್ಬಕ್ಕೆ ಬಂದಿಳಿದ ಕೂಡಲೇ ತಂಗಿ ನನ್ನನ್ನು ಮಗ್ಗದ ಕೋಣೆಗೆ ಎಳೆದುಕೊಂಡು ಹೋಗಿ, ಕಿವಿಗೆ ಕೈ ಅಡ್ಡ ಹಿಡಿದು ಕೂಗಿದಳು:

“ಅಣ್ಣಾ, ಆಯಿಗೆ ನೀನ ಹೇಳು. ಭರಣಿ ಒಂದ ದಿನ ತಡದ ತಗೀಲಿ. ಈ ಸಂಬಂಧ ತಪ್ಪಿದ್ರ ನಾ ಮತ್ತೊಬ್ಬರ ಮುಂದ ಚಹಾದ ತಾಟ ಹಿಡಕೊಂಡ ನಿಂದ್ರಂಗಿಲ್ಲ. ಖರೆ ಹೇಳತೇನಿ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನು ಆಯಿಯ ಹತ್ತಿರ ಹೋದೆ.

“ಪಾಡ್ಯ ಬಿಟ್ಟ ಬಿದಿಗಿಗೆ ತಗದ್ರ ಅದು ಔಷಧ ಅಲ್ಲ, ಖಾಲಿ ಕಷಾಯ,” ಎಂದಳು ಆಯಿ. “ನಮ್ಮತ್ತಿ ಪಾಡ್ಯಕ್ಕ ತಗೀತಿದ್ಲು, ನಾನೂ ಪಾಡ್ಯಕ್ಕ ತಗೀತೇನಿ. ಅವರೇನ ನಮ್ಮ ಕುಣ್ಯಾಗ ಇಳದ ನೋಡತಾರೇನ?”

“ಹುಡುಗ ನಾಯಿ ಕೇಂದ್ರದಾಗ ಅದಾನ ಆಯಿ.”

ಈ ಮಾತು ಅವಳನ್ನು ತಟ್ಟಿತು. “ನಾಯಿ ತರತಾನೇನ?” ಎಂದು ಕೇಳಿದಳು. “ನಾಯಿ ತಂದ್ರ ಅದು ಸೀದಾ ಕುಣೀಗೆ ಹೋಗಿ ಮೂಸತೈತಿ.”

ಕೊನೆಗೆ ಮನೆಯಲ್ಲಿ ಒಪ್ಪಂದವಾಯಿತು. ಅತಿಥಿಗಳು ಬೆಳಿಗ್ಗೆ ಬಂದು ಊಟ ಮುಗಿಸಿ ಹೋಗುತ್ತಾರೆ. ಅವರ ಬಸ್ಸು ಜಮಖಂಡಿಯ ತಿರುವು ದಾಟಿದ ಮೇಲೆ ಭರಣಿ ತೆಗೆಯುವುದು. ಅದೂ ಪಾಡ್ಯವೇ. ಆಯಿ ಒಪ್ಪಿದಳು. ತಂಗಿ ನಿಟ್ಟುಸಿರು ಬಿಟ್ಟಳು.

ಈ ಒಪ್ಪಂದದಲ್ಲಿ ಎರಡು ಸಂಗತಿಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು, ಆ ವರ್ಷ ದ್ರಾಕ್ಷಿ ತಡವಾಗಿ ಬಂದು ಭರಣಿ ತಡವಾಗಿ ಕುಣಿಗೆ ಇಳಿದಿತ್ತು. ಒಳಗೆ ಹುಳಿ ಇನ್ನೂ ಏಳುತ್ತಲೇ ಇತ್ತು. ಎರಡು, ಪಾಡ್ಯದ ದಿನ ನಮ್ಮ ಮಗ್ಗಗಳು ನಿಲ್ಲುತ್ತವೆ. ನಮ್ಮವು ಮಾತ್ರವಲ್ಲ, ಓಣಿಯವೆಲ್ಲ.

ಬೆಳಿಗ್ಗೆ ಅತಿಥಿಗಳು ಬಂದರು. ಹುಡುಗ, ಅವನ ಅಪ್ಪ, ಅವ್ವ. ನಾಯಿ ಇರಲಿಲ್ಲ. ಅಪ್ಪ ಎತ್ತರದ, ಬಿಳಿ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಪಡಸಾಲೆಯ ಜಮಖಾನೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಕಾಕಾ ಅವರೆದುರು ಕೂತ. ನಾನು ಬಾಗಿಲ ಪಕ್ಕ. ಚೂಡಾ, ಶಂಕರಪಾಳಿ ಬಂದವು. ತಂಗಿ ಚಹಾ ಕೊಟ್ಟು ಗೋಡೆಗೆ ಒರಗಿ ನಿಂತಳು. ಹುಡುಗ ಅವಳನ್ನು ಬಿಟ್ಟು ಉಳಿದದ್ದನ್ನೆಲ್ಲ ಶ್ರದ್ಧೆಯಿಂದ ನೋಡಿದ.

ಮಾತು ಒಂದು ಹಂತಕ್ಕೆ ಬಂದು ನಿಂತಿತು. ಹುಡುಗನ ಅಪ್ಪ ಲೋಟ ಕೆಳಗಿಟ್ಟು ಕೇಳಿದರು: “ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಯಾರರ ಕುಡೀತಾರೇನ್ರಿ?”

“ಏ, ಇಲ್ರಿ,” ಎಂದ ಕಾಕಾ. “ನಮ್ಮ ಮನ್ಯಾಗ ಅದರ ವಾಸನಿನೂ ಗೊತ್ತಿಲ್ರಿ.”

ಮಗ್ಗದ ಸಪ್ಪಳವಿಲ್ಲದ ಆ ಹೊತ್ತಿನಲ್ಲಿ, ಹಿಂದಿನ ಕೋಣೆಯಿಂದ ‘ಗುಳುಕ್’ ಎಂದು ಒಂದು ಸಪ್ಪಳ ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಆ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಕೇಳಿದ್ದು ಅದೇ ಮೊದಲು.

“ಏನದು ಸಪ್ಪಳ?” ಎಂದರು ಅವರು.

“ನಳದ ನೀರ್ರಿ,” ಎಂದ ಕಾಕಾ.

“ಈಗ ನೀರ ಬರತಾವೇನ್ರಿ ನಿಮ್ಮಲ್ಲಿ?”

“ಬರೂದಿಲ್ರಿ,” ಎಂದ ಕಾಕಾ, ಕೇಳಿದ್ದಕ್ಕೆ ನಿಜ ಹೇಳುವ ಹಳೆಯ ಚಾಳಿಯಿಂದ. ತಪ್ಪಿನ ಅರಿವಾಗಿ ಸೇರಿಸಿದ: “ಬರಾಕ ನೋಡತಾವ್ರಿ.”

ಗುಳುಕ್ ಮತ್ತೆ ಬಂತು. ಚಿಗವ್ವ ಪರದೆಯ ಹಿಂದೆ ಸರಿದು ಹಿಂದಿನ ಕೋಣೆಗೆ ಹೋದಳು. ಆಯಿ ಅಲ್ಲಿ ಭರಣಿಗೆ ಕಾವಲು ಕೂತಿದ್ದಳು. ಚಿಗವ್ವ ಅತ್ತೆಯ ಕಿವಿಯ ಹತ್ತಿರ ಬಾಗಿ, ಅಂಗೈ ಅಡ್ಡ ಹಿಡಿದು ಗುಟ್ಟು ಹೇಳಿದಳಂತೆ. ಅಂಗೈ ಹಿಡಿದದ್ದು ನಾನು ಕಂಡದ್ದಲ್ಲ, ಆಮೇಲೆ ಅವಳೇ ಹೇಳಿದ್ದು. ಗುಟ್ಟನ್ನು ಮಾತ್ರ ನಾನು ಪಡಸಾಲೆಯಲ್ಲಿ ಕೂತು ಅಕ್ಷರ ಬಿಡದೆ ಕೇಳಿದೆ. ಅತಿಥಿಗಳೂ ಕೇಳಿದರು. ಎದುರು ಮನೆಯವರೂ ಕೇಳಿದರೆಂದು ತಿಳಿದುಬಂದಿದೆ.

“ಅತ್ತೀ, ಭರಣಿ ಮ್ಯಾಲ ಗೋಣಿಚೀಲ ಒಗೀರಿ. ಹೊರಗ ಕೇಳಸಾಕತ್ತೈತಿ. ಕುಡಿಯೂ ಸೆರೆ ಮಾಡತಾರ ಅಂತ ತಿಳದಾರು.”

ಆಯಿಗೆ ಕಿವಿ ಮಂದ. ಉತ್ತರ ಇನ್ನೂ ಗಟ್ಟಿಯಾಗಿ ಬಂತು.

“ಸೆರೆ ಯಾರ ಮಾಡತಾರ ಬೇ? ಔಷಧ ಅದು. ನಿನ್ನ ಗಂಡ ಹ್ವಾದ ವರ್ಷ ಎರಡೂ ಮೊಳಕಾಲಿಂದ ಕುಡದು, ಮಗ್ಗದ ಮುಂದ ನಿಂತು, ನೀ ನಮ್ಮಪ್ಪ ಇದ್ದಂಗ ಅಂತ ಅಳಲಿಲ್ಲೇನ? ಸೆರೆ ಆಗಿದ್ರ ನಾ ಕೊಡತಿದ್ನೇನ?”

ಪಡಸಾಲೆಯಲ್ಲಿ ಕಾಕಾ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಅದು ಹಿಂದಿನ ತಿಂಗಳದು. ತಂಗಿಯ ಮುಖದ ಬಣ್ಣ ಇಳಿದಿತ್ತು. ಕೈಯಲ್ಲಿದ್ದ ಖಾಲಿ ತಾಟನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದಳು. ಹುಡುಗ ಮೊದಲ ಸಲ ಅವಳನ್ನು ನೋಡಿದ.

ಹುಡುಗನ ಅಪ್ಪ ಎದ್ದು ನಿಂತರು. ಹೊರಟರು ಎಂದುಕೊಂಡು ಕಾಕಾನೂ ಎದ್ದ.

“ತೋರಸ್ರಿ,” ಎಂದರು ಅವರು.

ಎಲ್ಲರೂ ಅವರ ಹಿಂದೆ ಮಗ್ಗದ ಕೋಣೆಗೆ ಹೋದೆವು. ಪೂಜೆಯ ಹೂ ಹೊತ್ತು ಮಗ್ಗಗಳು ಸುಮ್ಮನೆ ನಿಂತಿದ್ದವು. ಮೂಲೆಯ ಕುಣಿಯ ಹತ್ತಿರ ಆಯಿ ಮಣೆಯ ಮೇಲೆ ಕೂತಿದ್ದಳು. ಭರಣಿ ಅದಾಗಲೇ ಮೇಲೆ ಬಂದಿತ್ತು. ಚಿಗವ್ವ ಹೊದಿಸಿದ ಗೋಣಿಚೀಲದ ಕೆಳಗೆ ಅದು, ಹೆಣ್ಣು ನೋಡಲು ಬಂದವರ ಮುಂದೆ ತಲೆಮೇಲೆ ಸೆರಗು ಹೊದ್ದು ಕೂತಂತೆ ಕಾಣುತ್ತಿತ್ತು. ಗುಳುಕ್ ಎಂದಿತು.

ಹುಡುಗನ ಅಪ್ಪ ಆಯಿಯ ಎದುರು ಕೂತರು. ಭರಣಿಯೆದುರು ಯಾರೇ ಕೂತರೂ ಆಯಿಯ ಬಾಯಿಂದ ಬರುವುದು ಒಂದೇ ಪ್ರಶ್ನೆ. ಅದೇ ಬಂತು.

“ಏನ ತ್ರಾಸ?”

ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಮಾತ್ರ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡರು. ಸ್ವಲ್ಪ ಯೋಚಿಸಿ ಹೇಳಿದರು:

“ನನಗ ಒಂದ ತ್ರಾಸ ಐತಿ ಅಮ್ಮಾ. ಒಂದ ಲೋಟ ಕುಡದ್ರ ಭರಣಿ ಖಾಲಿ ಆಗೂತನಕ ಏಳಾಕ ಬರೂದಿಲ್ಲ. ಅದಕ್ಕ ಔಷಧ ಐತೇನ್ರಿ ನಿಮ್ಮ ಕಡೆ?”

ಆಯಿ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಎಷ್ಟೋ ವರ್ಷಗಳಿಂದ ಮೊಳಕಾಲು, ಕಣ್ಣುರಿ, ಅಜೀರ್ಣ ಕೇಳಿ ಕೇಳಿ ಸಾಕಾಗಿದ್ದವಳಿಗೆ ಅಂದು ಮೊದಲ ಬಾರಿಗೆ ನಿಜವಾದ ರೋಗಿ ಸಿಕ್ಕಿದ್ದ.

“ಅದಕ್ಕ ಮಜ್ಜಿಗಿ ಐತಿ,” ಎಂದಳು. “ತಗೊಂಬಾ ಬೇ, ಇಂಗ ಹಾಕಿ.”

ಚಿಗವ್ವ ಮಜ್ಜಿಗೆ ತಂದಳು. ಅವರು ಅದನ್ನು ಕುಡಿದು ಮೀಸೆ ಒರೆಸಿಕೊಂಡರು. ಆಮೇಲೆ ಯಾರೂ ಕೇಳದೆಯೇ ಹೇಳಿದರು: “ನಂದೂ ಔಷಧದಿಂದನ ಚಾಲೂ ಆತ್ರಿ. ಕೆಮ್ಮಿಗೆ ಅಂತಿದ್ದೆ. ಆ ಕೆಮ್ಮು ನಮ್ಮ ಮನಿ ಅರ್ಧ ತಿಂತು. ಇವಳನ್ನ ಕೇಳ್ರಿ.”

ಕೆಮ್ಮಿನ ಲೆಕ್ಕ ಅವರ ಹೆಂಡತಿಗೆ ಗೊತ್ತಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆಯಿ ಅವರ ಕಡೆ ತಿರುಗಿದಳು.

“ನಿನಗೇನ ತ್ರಾಸ ತಂಗೀ?”

ಆ ತಾಯಿ ಗಂಡನನ್ನೊಮ್ಮೆ, ಭರಣಿಯನ್ನೊಮ್ಮೆ ನೋಡಿ, “ಇವರ ರೀ,” ಎಂದರು.

ಕಾಕಾ ನಕ್ಕ. ನಕ್ಕದ್ದು ತಪ್ಪೇನೋ ಎಂದು ನಿಲ್ಲಿಸಿದ. ಅಷ್ಟರಲ್ಲಿ ಹುಡುಗನ ಅಪ್ಪನೇ ನಗುತ್ತಿದ್ದರು. ಆಯಿ ಗಂಜಿ ಒಡೆದು, ಬಟ್ಟೆ ಬಿಚ್ಚಿ, ಮುತ್ಯಾನ ಹನಿ ಕುಣಿಗೆ ಚಿಮುಕಿಸಿ, ಆ ತಾಯಿಗೆ ಲೋಟ ತುಂಬ ಕೊಟ್ಟಳು. ಸೊಂಟನೋವಿಗೂ ಅಷ್ಟು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

“ಈಗ ನನ್ನ ಮಾತ ಕೇಳ್ರಿ,” ಎಂದರು ಹುಡುಗನ ಅಪ್ಪ. ತಂಗಿ ಕಂಬದ ಮರೆಯಿಂದ ಈಚೆ ಬಂದು ನಿಂತಳು. “ನಾ ಒಂದ ಸಂಬಂಧ ಬಿಟ್ಟೆ. ಅವರು ಕುಡೀತಾರಂತ ಬಿಡಲಿಲ್ಲ. ಎಲ್ಲಾರೂ ಕೂಡಿ ನನ್ನ ಮುಂದ ಮುಚ್ಚಿಟ್ರು ಅಂತ ಬಿಟ್ಟೆ. ನೀವೂ ಮುಚ್ಚಿಡಾಕ ನೋಡಿದ್ರಿ. ಆದ್ರ ನಿಮ್ಮ ಮನ್ಯಾಗ ಅದು ಆಗೂ ಮಾತಲ್ಲ. ನಾಳೆ ನಮ್ಮ ಮಗಾ ಏನರ ಮಾಡಿದ್ರ ಈ ಹುಡುಗಿ ಗುಟ್ಟಾಗಿ ಹೇಳಿದ್ದೂ ನನಗ ಬೀಳಗಿಗೆ ಕೇಳಸತೈತಿ. ನನಗ ಒಪ್ಪಿಗಿ.”

ಆಯಿಗೆ ಅರ್ಧ ಕೇಳಿಸಲಿಲ್ಲ. “ಏನಂದ್ರು?” ಎಂದಳು.

“ಒಪ್ಪಿಗಿ ಅಂದ್ರು ಆಯಿ,” ಎಂದು ತಂಗಿ ಹೇಳಿದ ದನಿಗೆ ಎದುರು ಮನೆಯ ಬಾಗಿಲು ತೆರೆಯಿತು.

“ಖರೆ ಒಂದ ಕರಾರೈತಿ,” ಎಂದು ಅವರು ಮುಂದುವರಿಸಿದರು. “ಕುಡೀಬ್ಯಾಡ್ರಿ ಅನ್ನಾಕ ನಾ ಯಾರು. ಹಬ್ಬಕ್ಕ ಒಂದ ಲೋಟ, ಮನಿಮಂದಿ ಕೂಡಿ. ಛಲೋನ ಐತಿ. ಆದ್ರ ಇನ್ನ ಮ್ಯಾಲೆ ತ್ರಾಸ ಹೇಳಿ ಕುಡೀಬ್ಯಾಡ್ರಿ. ‘ನನಗ ಬೇಕು’ ಅಂತ ಬಾಯಿಬಿಟ್ಟ ಹೇಳಿ ಕುಡೀರಿ. ಇಷ್ಟ ಸಾಕು.”

ಕಾಕಾ ಕೂಡಲೇ ಮಾತು ಕೊಟ್ಟ. ಇಷ್ಟು ಅಗ್ಗದ ಕರಾರು ಊರಲ್ಲಿ ಯಾರಿಗೂ ಸಿಕ್ಕಿಲ್ಲ ಎಂದು ಅವನು ಆ ಸಂಜೆಯೆಲ್ಲ ಹೇಳಿಕೊಂಡು ತಿರುಗಿದ. ಹೋಗುವ ಮುಂಚೆ ಆಯಿ ಹುಡುಗನನ್ನು ಹತ್ತಿರ ಕರೆದು, ನಾಯಿ ತರದೆ ಬಂದದ್ದಕ್ಕೆ ಮೆಚ್ಚುಗೆ ಹೇಳಿದಳು. ಮುಧೋಳ ನಾಯಿ ಬೇಟೆಗೆ ಮೂಗಿಗಿಂತ ಕಣ್ಣನ್ನೇ ನಂಬುತ್ತದೆ, ಮುಚ್ಚಿದ ಭರಣಿಯ ಗೊಡವೆಗೆ ಅದು ಹೋಗುತ್ತಿರಲಿಲ್ಲ ಎಂದು ಅವನು ವಿನಯದಿಂದ ವಿವರಿಸಿದ. ಆಯಿ ನಂಬಲಿಲ್ಲ.

ಬೇಸಿಗೆಯಲ್ಲಿ ಮದುವೆಯಾಯಿತು. ಮತ್ತೆ ದೀಪಾವಳಿ ಬಂತು. ತಂಗಿ, ಅಳಿಯ, ಬೀಗರು, ಬೀಗತಿ ಎಲ್ಲರೂ ಪಾಡ್ಯಕ್ಕೆ ಬಂದರು. ಈ ಸಲ ದ್ರಾಕ್ಷಿ ಹೊತ್ತಿಗೆ ಸರಿಯಾಗಿ ಬಂದಿತ್ತು, ಭರಣಿ ಸದ್ದಿಲ್ಲದೆ ಹದಗೊಂಡಿತ್ತು. ಆಯಿ ಬಟ್ಟೆ ಬಿಚ್ಚಿದಾಗ ದಾಲ್ಚಿನ್ನಿಯ, ಹಣ್ಣಾದ ದ್ರಾಕ್ಷಿಯ ವಾಸನೆ ಮಗ್ಗದ ಎಣ್ಣೆಯ ವಾಸನೆಯ ಮೇಲೆ ಹರಡಿಕೊಂಡಿತು. ಎಲ್ಲರೂ ಸಾಲಾಗಿ ಕೂತರು. ಬೀಗರ ಕೈಗೆ ಮೊದಲೇ ಮಜ್ಜಿಗೆ ಬಂದಿತ್ತು.

ಆಯಿ ಸೌಟು ಹಿಡಿದು ಬಾಯಿ ತೆರೆದಳು, ಕರಾರು ನೆನಪಾಗಿ ಮುಚ್ಚಿದಳು, ಮತ್ತೆ ತೆರೆದಳು.

“ಬೇಕೇನ?”

ಕಾಕಾ ಮೊಳಕಾಲು ಸವರಿಕೊಂಡ. ಬೀಗರು ಅವನ ಮೊಳಕಾಲನ್ನೇ ನೋಡುತ್ತಿದ್ದರು. ಸವರುವುದನ್ನು ನಿಲ್ಲಿಸಿದ. ನಾನು ಕಣ್ಣುಜ್ಜಲು ಎತ್ತಿದ ಕೈಯನ್ನು ಕೆಳಗಿಳಿಸಿದೆ. ತ್ರಾಸು ಹೇಳುವುದು ಎಷ್ಟು ಸುಲಭವಾಗಿತ್ತು ಎಂಬುದು ಆಗ ತಿಳಿಯಿತು. ಹಿರಿಯರ ಮುಂದೆ, ಹೆಂಡತಿಯ ಮುಂದೆ, ಹೊಸ ಬೀಗರ ಮುಂದೆ, ಯಾವ ನೋವೂ ಇಲ್ಲದೆ, ಬರಿದೇ ‘ಬೇಕು’ ಎನ್ನುವುದು ನಮ್ಮ ಮನೆತನದಲ್ಲಿ ಯಾರಿಗೂ ರೂಢಿಯಿರಲಿಲ್ಲ. ಬೀಗತಿ ಮಾತ್ರ ಲೋಟ ಕೈಯಲ್ಲೇ ಹಿಡಿದು ಸಿದ್ಧವಾಗಿದ್ದರು, ಆದರೆ ಮನೆಯವರಿಗಿಂತ ಮೊದಲು ಹೇಳುವುದು ಅವರಿಗೂ ಸರಿಕಾಣಲಿಲ್ಲ. ಆಯಿ ಕಾದಳು. ತಂಗಿ ಕಾಕಾನ ಮುಖ ನೋಡಿದಳು. ಅವಳ ಮದುವೆಗೆ ಕೊಟ್ಟ ಮಾತು ಅದು, ಅದನ್ನು ಬಿಟ್ಟು ಇನ್ನೊಂದು ಮೊಳಕಾಲು ಹೊರತೆಗೆಯುವಂತಿರಲಿಲ್ಲ. ಭರಣಿಯನ್ನು ಹಾಗೇ ಮುಚ್ಚಬೇಕಾದೀತೇನೋ ಎಂಬಷ್ಟು ಹೊತ್ತು ಕಳೆಯಿತು. ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ.

ಆಗ ಚಿಗವ್ವ ಎದ್ದಳು. ಸೆರಗು ಸರಿಮಾಡಿಕೊಂಡು ಆಯಿಯ ಹತ್ತಿರ ಹೋಗಿ ಬಾಗಿದಳು. ನಮಗೆ ಯಾರಿಗೂ ಗೊತ್ತಾಗಬಾರದೆಂದು ಅತ್ತೆಯ ಕಿವಿಗೆ ಅಂಗೈ ಅಡ್ಡ ಹಿಡಿದಳು.

“ನನಗ ಬೇಕು ಅತ್ತೀ,” ಎಂದಳು.

ಎದುರು ಮನೆಯಿಂದ ಯಾರೋ, “ನಮಗೂ ಒಂದೀಟ ಇಡ್ರಿ,” ಎಂದು ಉತ್ತರ ಕೊಟ್ಟರು.